ಗಂಧಿಗನ ಮನೆಯ ಕಂಬ

“ಗುರುಗಳೇ, ಹೆಬ್ಬೆರಳಿನಷ್ಟು ಉದ್ದದ ಒಂದು ಸೀಸೆ ಅತ್ತರಿಗೆ ಒಂದು ಮನೆಯ ಬೆಲೆ ಏಕೆ?” ಎಂದು ಶಿಷ್ಯ ಅಡವಯ್ಯ ಕೇಳಿದ.

ಅವನು ಹಿಂದಿನ ದಿನ ಮಠದ ಕೆಲಸದ ಮೇಲೆ ಪೇಟೆಗೆ ಹೋಗಿದ್ದ. ಅಲ್ಲಿ ಸಿರಿವಂತರ ಮನೆಯೊಂದರಲ್ಲಿ ಮದುವೆ ನಡೆದಿತ್ತು. ಮದುಮಗಳು ಚಪ್ಪರದೊಳಗೆ ಬಂದಾಗ ನೆರೆದವರ ಮಾತು ತಾನಾಗಿಯೇ ನಿಂತಿತು. ಯಾರೂ ಹೇಳದಿದ್ದರೂ ಎದುರಿಗಿದ್ದವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಅವಳು ಹಚ್ಚಿಕೊಂಡಿದ್ದ ಅತ್ತರಿನ ಬೆಲೆಯನ್ನು ಪಕ್ಕದಲ್ಲಿದ್ದವರೊಬ್ಬರು ಅಡವಯ್ಯನ ಕಿವಿಯಲ್ಲಿ ಹೇಳಿದರು. ಆಗಿನಿಂದ ಅವನ ಮನಸ್ಸಿನಲ್ಲಿ ಅದೇ ಮಾತು ತಿರುಗುತ್ತಿತ್ತು.

ಮಾರುವವನನ್ನೇ ಕೇಳಲಿಲ್ಲವೇ ಎಂದರು ಗುರುಗಳು.

ಕೇಳಿದೆ ಎಂದ ಅಡವಯ್ಯ. ಅಂಗಡಿಯವನು ಹಲವು ಕಾರಣ ಹೇಳಿದ್ದ. ಒಂದಿಷ್ಟು ಅತ್ತರಿಗೆ ಗಾಡಿಗಟ್ಟಲೆ ಹೂವು ಬೇಕು. ಬಿಸಿಲು ಏರುವ ಮೊದಲೇ ಅದನ್ನು ಬಿಡಿಸಬೇಕು. ಗಂಧದ ಮರದೊಳಗೆ ಪರಿಮಳ ಕೂಡಬೇಕಾದರೆ ಒಂದು ತಲೆಮಾರು ಕಾಯಬೇಕು. ಸೀಸೆ ದೂರದ ದೇಶದ್ದು. ಎಲ್ಲಕ್ಕಿಂತ ಮೇಲೆ, ಬೆಲೆ ಇಳಿಸಿದರೆ ಕೊಳ್ಳುವವರಿಗೇ ಅದು ಬೇಡವಾಗುತ್ತದೆ.

“ಅವನು ಹೇಳಿದ್ದೆಲ್ಲ ನಿಜ. ಅವನಿಗೆ ಗೊತ್ತಿರುವುದು ಅಷ್ಟೇ,” ಎಂದರು ಗುರುಗಳು. “ಕುಳಿತುಕೋ.”

ಅಡವಯ್ಯ ಕುಳಿತ. ಗುರುಗಳು ಈ ಕತೆ ಹೇಳಿದರು.

ಹೊಳೆಯ ದಡದ ಊರೊಂದರಲ್ಲಿ ಒಬ್ಬ ಗಂಧಿಗನಿದ್ದ. ಹೂವು ಬೇರುಗಳಿಂದ ಅತ್ತರು ಇಳಿಸುವುದು ಅವನ ಕಸುಬು. ಮಲ್ಲಿಗೆ, ಸಂಪಿಗೆ, ಕೇದಗೆ, ಲಾವಂಚ, ಯಾವುದನ್ನು ಭಟ್ಟಿಗೆ ಹಾಕಿದರೂ ಅದರ ಪರಿಮಳವನ್ನು ಕೆಡದಂತೆ ಎಣ್ಣೆಗೆ ಇಳಿಸುತ್ತಿದ್ದ. ಮನೆಯಲ್ಲಿ ಅವನು ಮತ್ತು ಅವನ ಹೆಂಡತಿ, ಇಬ್ಬರೇ. ಅವನು ಕುಡಿಯುತ್ತಿರಲಿಲ್ಲ. ಹೆಂಡತಿಯ ಮೇಲೆ ಎಂದೂ ಕೈ ಎತ್ತಿದವನಲ್ಲ, ದನಿ ಏರಿಸಿದವನೂ ಅಲ್ಲ. ಊರಿನವರು ಅವನನ್ನು ಸಾಧು ಎನ್ನುತ್ತಿದ್ದರು.

ಅವನಿಗೆ ಇದ್ದ ಸಂಕಟ ಒಂದೇ. ಅವನ ಅತ್ತರು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಹಚ್ಚಿಕೊಂಡರೆ ಸಂಜೆಯ ಹೊತ್ತಿಗೆ ಬಟ್ಟೆಯಲ್ಲಿ ಬರೀ ಎಣ್ಣೆಯ ಜಿಡ್ಡು ಉಳಿಯುತ್ತಿತ್ತು.

ಒಬ್ಬ ವರ್ತಕ ಅಮಾವಾಸ್ಯೆಗೊಮ್ಮೆ ಬಂದು ಅವನ ಅತ್ತರನ್ನು ಕೊಂಡು ದೊಡ್ಡ ಊರುಗಳಿಗೆ ಒಯ್ಯುತ್ತಿದ್ದ. ಒಂದು ಸಲ ಅವನು ಗಂಧಿಗನಿಗೆ ಬುದ್ಧಿ ಹೇಳಿದ. ಪರಿಮಳ ಎಲ್ಲರ ಬಳಿಯೂ ಇದೆ, ಸಿರಿವಂತರು ಕೊಳ್ಳುವುದು ನಿಲ್ಲುವ ಪರಿಮಳವನ್ನು, ಅದಕ್ಕೆ ಪುನುಗು ಬೇಕು ಎಂದ.

ಪುನುಗು ಎಂದರೆ ಕಾಡಿನ ಒಂದು ಬೆಕ್ಕಿನ ಮೈಯಲ್ಲಿ ಒಸರುವ ಜಿಡ್ಡು. ಆ ಬೆಕ್ಕು ಅದನ್ನು ಮರಗಳಿಗೆ ಉಜ್ಜುತ್ತದೆ. ಹಸಿಯಾಗಿದ್ದಾಗ ಮೂಗಿನ ಬಳಿ ತಂದರೆ ಹೊಟ್ಟೆ ತೊಳಸುತ್ತದೆ. ಸಾಸಿವೆಯಷ್ಟನ್ನು ಹೂವಿನ ಎಣ್ಣೆಯಲ್ಲಿ ಕದಡಿದರೆ ಆ ನಾತ ಎಲ್ಲಿಗೋ ಹೋಗುತ್ತದೆ. ಹೂವಿನ ಪರಿಮಳ ಮಾತ್ರ ಬಟ್ಟೆಯನ್ನು ಹಿಡಿದು ಕೂರುತ್ತದೆ.

ಗಂಧಿಗ ಕಾಡಿನವರಿಂದ ಒಂದು ಪುನುಗಿನ ಬೆಕ್ಕನ್ನು ತರಿಸಿದ. ಅವನ ಮನೆಯ ಹಿಂದಿನ ಪಡಸಾಲೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ತಾಗಿ, ಸೂರನ್ನು ಹೊತ್ತ ಒಂದು ಮರದ ಕಂಬವಿತ್ತು. ಕಂಬದ ಬುಡ ಒಳಗೆ ಬರುವಂತೆ ಅದರ ಸುತ್ತ ಸೊಂಟದೆತ್ತರದ ಪಂಜರ ಕಟ್ಟಿಸಿದ. ಬೆಕ್ಕು ಆ ಕಂಬಕ್ಕೆ ಮೈ ಉಜ್ಜುತ್ತಿತ್ತು. ಬೆಳಿಗ್ಗೆ ಅವನು ಬಿದಿರಿನ ಕಡ್ಡಿಯಿಂದ ಕಂಬವನ್ನು ಕೆರೆದು, ಬಂದಷ್ಟನ್ನು ಚಿಪ್ಪಿನಲ್ಲಿ ತುಂಬಿಕೊಳ್ಳುತ್ತಿದ್ದ. ಬೆಕ್ಕಿಗೆ ಬಾಳೆಹಣ್ಣು, ಹಾಲನ್ನ ಇಡುವುದು, ಪಂಜರ ಚೊಕ್ಕ ಮಾಡುವುದು ಹೆಂಡತಿಯ ಕೆಲಸ.

ಮೊದಲ ತಿಂಗಳು ಪುನುಗು ಚೆನ್ನಾಗಿ ಬಂತು. ಆಮೇಲೆ ಕಡಿಮೆಯಾಯಿತು. ಬೆಕ್ಕು ಮನೆಗೆ ಹೊಂದಿಕೊಂಡಿತ್ತು. ಹೆಂಡತಿ ಹತ್ತಿರ ಹೋದರೆ ತಲೆಯೆತ್ತಿ ನೋಡಿ ಮತ್ತೆ ಮಲಗುತ್ತಿತ್ತು. ಕಂಬ ಒಣಗಿತು.

ಒಂದು ದಿನ ಅಡುಗೆಮನೆಯಲ್ಲಿ ಹಿತ್ತಾಳೆಯ ಕೊಡ ಜಾರಿ ಬಿತ್ತು. ಬೆಕ್ಕು ಎಗರಿ ಎದ್ದು, ಪಂಜರದೊಳಗೆ ಸುತ್ತಿ ಸುತ್ತಿ ಕಂಬಕ್ಕೆ ಮೈ ಉಜ್ಜಿತು. ಮರುದಿನ ಬೆಳಿಗ್ಗೆ ಕಂಬದ ಮೇಲೆ ಪುನುಗು ಬೆಣ್ಣೆಯಂತೆ ಮೆತ್ತಿಕೊಂಡಿತ್ತು. ಗಂಧಿಗ ಅದನ್ನು ಕೆರೆಯುತ್ತಾ ಬಹಳ ಹೊತ್ತು ಯೋಚಿಸಿದ. ಅಂದೇ ಪೇಟೆಗೆ ಹೋಗಿ ಒಂದು ಜಾಗಟೆ ತಂದ.

ಪಂಜರದ ಹತ್ತಿರ ನಿಂತು ಜಾಗಟೆ ಹೊಡೆದರೆ ಬೆಕ್ಕು ಬೆದರುತ್ತಿತ್ತು. ಆದರೆ ಹೊತ್ತು ಗೊತ್ತಾದರೆ ಯಾವ ಪ್ರಾಣಿಯೂ ಬೆದರುವುದಿಲ್ಲ. ಆದ್ದರಿಂದ ಅವನು ಒಂದು ದಿನ ಬೆಳಿಗ್ಗೆ ಹೊಡೆದರೆ ಇನ್ನೊಂದು ದಿನ ಮಧ್ಯಾಹ್ನ ಹೊಡೆಯುತ್ತಿದ್ದ. ಎರಡು ದಿನ ಬಿಟ್ಟು ಮೂರನೆಯ ದಿನ ಐದು ಸಲ ಹೊಡೆಯುತ್ತಿದ್ದ. ಬರುವವರನ್ನು ನೋಡಿ ಬೆಕ್ಕು ಎಚ್ಚರಗೊಳ್ಳುತ್ತದೆ ಎಂದು, ಹಿತ್ತಿಲ ಕಡೆಗೆ ಸೂರಿನಿಂದ ನೆಲದವರೆಗೆ ಚಾಪೆ ಇಳಿಬಿಟ್ಟ. ಚಾಪೆಯಲ್ಲಿ ಕೈ ತೂರುವಷ್ಟು ಸೀಳು ಮಾಡಿಕೊಂಡ. ಮೆಟ್ಟು ಹಾಕದೆ, ಉಸಿರಿನ ಸದ್ದೂ ಆಗದಂತೆ ನಡೆದು ಬರುವುದನ್ನು ಕಲಿತ. ಅದನ್ನು ಕಲಿತದ್ದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

ಮೊದಲ ದಿನ ಜಾಗಟೆಯ ಸದ್ದಿಗೆ ಹೆಂಡತಿಯ ಕೈಯಲ್ಲಿದ್ದ ಸಾರಿನ ಪಾತ್ರೆ ಬಿದ್ದು ಅವಳ ಪಾದ ಸುಟ್ಟಿತು. ಗಂಧಿಗ ಓಡಿ ಬಂದು ತಾನೇ ಬೆಣ್ಣೆ ಹಚ್ಚಿದ.

“ಇದು ಆ ಪ್ರಾಣಿಗಾಗಿ ಹೊಡೆಯುವುದು. ನಿನಗಲ್ಲವಲ್ಲ, ನೀನೇಕೆ ಹೆದರುತ್ತೀ?” ಎಂದ.

“ನನಗಲ್ಲ ಎಂದು ಮನಸ್ಸಿಗೆ ತಿಳಿಯುವ ಮೊದಲೇ ಮೈ ನಡುಗಿಬಿಡುತ್ತದೆ,” ಎಂದಳು ಅವಳು.

ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ ಎಂದು ಅವನು ಸಮಾಧಾನ ಹೇಳಿದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ರೂಢಿಯಾಯಿತು ಎಂದು ಅವನು ತಿಳಿದ.

ಗಂಧಿಗನ ಅತ್ತರು ಹೆಸರು ಮಾಡಿತು. ಹಚ್ಚಿಕೊಂಡ ಬಟ್ಟೆಯಲ್ಲಿ ಅದು ತಿಂಗಳು ನಿಲ್ಲುತ್ತಿತ್ತು. ಅದನ್ನು ಹಚ್ಚಿಕೊಂಡವರು ಸಭೆಗೆ ಬಂದರೆ ಮಾತು ನಿಲ್ಲುತ್ತಿತ್ತು, ಜನ ದಾರಿ ಬಿಡುತ್ತಿದ್ದರು. ಬಿಟ್ಟವರಿಗೆ ಏಕೆ ಬಿಟ್ಟೆವೆಂದು ತಿಳಿಯುತ್ತಿರಲಿಲ್ಲ. ಹಚ್ಚಿಕೊಂಡವರು ಅದನ್ನು ಗೌರವವೆಂದು ತಿಳಿದರು. ಅವರ ಕುದುರೆಗಳು ಅವರನ್ನು ಹತ್ತಗೊಡದೆ ಹಿಂದೆ ಹಿಂದೆ ಸರಿಯುತ್ತಿದ್ದವು. ಅವರು ಎತ್ತಿಕೊಂಡ ಹಸುಗೂಸುಗಳು ಅಳುತ್ತಿರಲಿಲ್ಲ. ಕಣ್ಣು ಅಗಲಿಸಿಕೊಂಡು ಸುಮ್ಮನಿರುತ್ತಿದ್ದವು. ಕೊಳ್ಳುವವರು ಹೆಚ್ಚಿದರು. ವರ್ತಕ ಕೇಳುವ ಬೆಲೆ ಏರಿತು. ಅದು ಏರಿದಷ್ಟೂ ಕೊಳ್ಳುವವರು ಇನ್ನೂ ಹೆಚ್ಚಿದರು.

ಗಂಧಿಗ ಹಿತ್ತಿಲಲ್ಲಿ ದೊಡ್ಡ ಭಟ್ಟಿಮನೆ ಕಟ್ಟಿಸಿದ. ಹಗಲೆಲ್ಲ ಅಲ್ಲೇ ಇರುತ್ತಿದ್ದ. ಊಟವನ್ನು ಹೆಂಡತಿ ಮುಂದಿನ ಕೋಣೆಯಲ್ಲಿ ಬಡಿಸಿಟ್ಟು ಒಳಗೆ ಹೋಗುತ್ತಿದ್ದಳು. ಅಡುಗೆಮನೆಯ ಕಡೆ ಹೋಗುವ ಕಾರಣ ಅವನಿಗೆ ಇರಲಿಲ್ಲ. ಬೆಳಿಗ್ಗೆ ಚಾಪೆಯ ಸೀಳಿನಲ್ಲಿ ಕೈ ತೂರಿಸಿ, ಕಂಬವನ್ನು ತಡವಿ, ಪುನುಗು ಕೆರೆದುಕೊಳ್ಳುತ್ತಿದ್ದ. ಬೆಕ್ಕನ್ನು ನೋಡಿ ಎಷ್ಟು ಕಾಲವಾಯಿತೆಂಬುದು ಅವನ ನೆನಪಿನಲ್ಲಿರಲಿಲ್ಲ.

ಮನೆ ಮೌನವಾಯಿತು. ಹೆಂಡತಿ ಪಾತ್ರೆಯನ್ನು ಸದ್ದಾಗದಂತೆ ಇಡುತ್ತಿದ್ದಳು, ಬಾಗಿಲನ್ನು ಸದ್ದಾಗದಂತೆ ಹಾಕುತ್ತಿದ್ದಳು. ನೆರೆಮನೆಯ ಹೆಂಗಸರು ಬರುವುದನ್ನು ಬಿಟ್ಟರು. ಆ ಮನೆಯಲ್ಲಿ ಕುಳಿತರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಅವರು ತಮ್ಮ ತಮ್ಮಲ್ಲಿ ಹೇಳಿಕೊಳ್ಳುತ್ತಿದ್ದರು. ಸೂರಿನ ಗುಬ್ಬಿಗಳು ಗೂಡು ಬಿಟ್ಟು ಹೋದವು. ಗಂಧಿಗನಿಗೆ ಮಾತ್ರ ಮನೆ ನೆಮ್ಮದಿಯಾಗಿದೆ ಎನಿಸುತ್ತಿತ್ತು.

ಮೂರನೆಯ ವರ್ಷ ಒಂದು ಅಮಾವಾಸ್ಯೆಗೆ ವರ್ತಕ ಎಂದಿಗಿಂತ ಬೇಗ ಬಂದ. ಬಂದವನು ಕುಳಿತುಕೊಳ್ಳಲೂ ಇಲ್ಲ. ಈಚಿನ ಅತ್ತರು ಮೊದಲಿನದಲ್ಲ ಎಂದ. ಮೊದಲು ತಿಂಗಳು ನಿಲ್ಲುತ್ತಿತ್ತು, ಈಗಿನದು ಬಟ್ಟೆ ಒಗೆದರೂ ಹೋಗುವುದಿಲ್ಲ. ಹಚ್ಚಿಕೊಂಡಿದ್ದ ಒಬ್ಬ ಮುದುಕಿ ಸತ್ತು ಆರು ತಿಂಗಳಾದರೂ ಅವಳ ಕೋಣೆಯೊಳಗೆ ಕಾಲಿಡಲು ಮನೆಯವರು ಅಂಜುತ್ತಾರೆ. ಅಂಥ ಅತ್ತರನ್ನು ಈವರೆಗೆ ಯಾರೂ ಮಾಡಿಲ್ಲ. ಏನು ಬದಲಾಯಿಸಿದೆ ಎಂದು ಕೇಳಿದ.

ಏನನ್ನೂ ಬದಲಾಯಿಸಿಲ್ಲ ಎಂದ ಗಂಧಿಗ. ಅದು ನಿಜವೇ ಆಗಿತ್ತು.

ಹಾಗಾದರೆ ಆ ಬೆಕ್ಕನ್ನು ತೋರಿಸು ಎಂದ ವರ್ತಕ.

ಇಬ್ಬರೂ ಹಿಂದಿನ ಪಡಸಾಲೆಗೆ ಹೋದರು. ಗಂಧಿಗ ಚಾಪೆಯನ್ನು ಸುರುಳಿ ಸುತ್ತಿ ಮೇಲೆ ಕಟ್ಟಿದ. ಬೆಳಕು ಒಳಗೆ ಬಿತ್ತು.

ಪಂಜರ ಬರಿದಾಗಿತ್ತು. ಬಾಗಿಲು ತೆರೆದೇ ಇತ್ತು. ಬಾಗಿಲಿಗೆ ಅಡ್ಡವಾಗಿ ಜೇಡ ಬಲೆ ನೇಯ್ದಿತ್ತು. ಆ ಬಲೆಯೂ ಹಳೆಯದಾಗಿ ದೂಳು ಹಿಡಿದಿತ್ತು. ಒಳಗೆ ನೆಲದ ಮೇಲೆ ಒಂದು ಬಾಳೆಹಣ್ಣಿನ ಸಿಪ್ಪೆ ಕಪ್ಪಾಗಿ ಒಣಗಿತ್ತು. ಕಂಬ ಮಾತ್ರ ಒದ್ದೆಯಾಗಿತ್ತು.

ಗಂಧಿಗ ಕಂಬದ ಬುಡದಿಂದ ಕಣ್ಣನ್ನು ಮೇಲಕ್ಕೆ ಎತ್ತಿದ. ಪಂಜರದಿಂದ ಮೇಲೆ, ಒಬ್ಬ ಹೆಂಗಸಿನ ಎದೆಯ ಎತ್ತರದಲ್ಲಿ, ಕಂಬದ ಎರಡೂ ಬದಿ ಸವೆದು ನುಣುಪಾಗಿತ್ತು. ಸವೆದ ಕಡೆ ಎರಡು ಅಂಗೈಗಳ ಗುರುತು ಇತ್ತು. ಆ ಗುರುತುಗಳಿಂದ ಜಿಡ್ಡು ಗೆರೆಗೆರೆಯಾಗಿ ಇಳಿದು ಪಂಜರದೊಳಕ್ಕೆ ಹೋಗಿತ್ತು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಯಾವಾಗ ಬಂದಳೆಂದು ಇಬ್ಬರಿಗೂ ತಿಳಿದಿರಲಿಲ್ಲ. ಬೆಕ್ಕು ಎಲ್ಲಿ ಎಂದು ಗಂಧಿಗ ಕೇಳಿದ.

“ಅದು ಹೋಗಿ ಎಂಟು ತಿಂಗಳಾಯಿತು. ಬಾಗಿಲು ನಾನೇ ತೆಗೆದೆ,” ಎಂದಳು. “ಮೂರು ದಿನ ಬಾಗಿಲು ತೆರೆದಿಟ್ಟರೂ ಅದು ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ನೀವು ಜಾಗಟೆ ಹೊಡೆದಿರಿ. ಆಗ ಓಡಿತು.”

“ನನಗೇಕೆ ಹೇಳಲಿಲ್ಲ?”

“ಹೇಳಿದ್ದರೆ ಇನ್ನೊಂದನ್ನು ತರುತ್ತಿದ್ದಿರಿ. ಇನ್ನೊಂದು ಜೀವ ಏಕೆ ಎಂದು ಸುಮ್ಮನಾದೆ.”

ಹೇಳುವಾಗ ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಗಂಧಿಗ ಅವಳ ಕೈಗಳನ್ನು ನೋಡಿದ. ಅವಳು ಅವುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ವರ್ತಕ ಮುಂದೆ ಬಂದು, ಕಂಬದ ಮೇಲಿನ ಗೆರೆಗೆ ಬೆರಳು ಒತ್ತಿ, ಮೂಗಿನ ಹತ್ತಿರ ಹಿಡಿದು ನೋಡಿದ. ಅವನ ಮುಖದಲ್ಲಿ ಅಚ್ಚರಿ ಇತ್ತೇ ಹೊರತು ಹೆದರಿಕೆ ಇರಲಿಲ್ಲ. ಮುಂದಿನ ಅಮಾವಾಸ್ಯೆಗೂ ಇದೇ ಇರಲಿ ಎಂದು ಗಂಧಿಗನಿಗೆ ಮೆಲ್ಲಗೆ ಹೇಳಿ, ಸಿದ್ಧವಿದ್ದ ಸೀಸೆಗಳನ್ನು ತೆಗೆದುಕೊಂಡು ಹೊರಟುಹೋದ.

ಗಂಧಿಗ ಜಾಗಟೆಯನ್ನು ಒಯ್ದು ಹೊಳೆಗೆ ಎಸೆದ. ಪಂಜರವನ್ನು ಒಡೆದು ಒಲೆಗೆ ಹಾಕಿದ. ಭಟ್ಟಿಯ ಬೆಂಕಿ ಆರಿಸಿದ. ಆಮೇಲೆ ಹೆಂಡತಿಗೆ ಏನಾದರೂ ಹೇಳಬೇಕೆಂದು ಒಳಗೆ ಬಂದ. ಅವಳು ಅವನಿಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದಳು. ಅವನು ಅವಳ ಹೆಗಲ ಮೇಲೆ ಕೈ ಇಟ್ಟ.

ಅವಳು ಕೂಗಲಿಲ್ಲ. ಕೈ ಕೊಸರಿಕೊಂಡು ಬಾಗಿಲಿಗೆ ಓಡಿ ಎರಡೂ ಕೈಗಳಿಂದ ಕಂಬವನ್ನು ತಬ್ಬಿ ಹಿಡಿದಳು. ಅವಳ ಬೆರಳುಗಳ ನಡುವಿನಿಂದ ಜಿಡ್ಡು ಒಸರಿ ಕೆಳಗೆ ಇಳಿಯಿತು. ಮನೆಯೆಲ್ಲ ಆ ವಾಸನೆ ತುಂಬಿತು.

ಆಗ ಗಂಧಿಗನಿಗೆ ತಿಳಿಯಿತು. ಜಾಗಟೆ ಹೊಳೆಯ ಪಾಲಾಗಿತ್ತು. ಸದ್ದಿಲ್ಲದೆ ನಡೆಯುವ ಅವನ ಕಾಲುಗಳು ಮನೆಯಲ್ಲೇ ಇದ್ದವು.

ಮುಂದಿನ ಅಮಾವಾಸ್ಯೆಗೆ ವರ್ತಕ ಬಂದ. ಹಿಂದಿನ ಬೆಲೆಯ ಎರಡರಷ್ಟು ಕೊಡುತ್ತೇನೆ ಎಂದ. ಗಂಧಿಗ ಬೇಡವೆಂದು ತಲೆಯಾಡಿಸಿದ.

“ಇದರ ಬೆಲೆ ನನಗೆ ಈಗ ಗೊತ್ತಾಗಿದೆ, ಸಾಹುಕಾರರೇ. ಅಷ್ಟು ನಿಮ್ಮ ಬಳಿ ಇಲ್ಲ.”

ವರ್ತಕ ಬೇಸರಪಡಲಿಲ್ಲ. ಖಾಲಿ ಸೀಸೆಗಳ ಪೆಟ್ಟಿಗೆಯನ್ನು ಮುಚ್ಚಿ ಎದ್ದ.

“ಗೊತ್ತಾಗದವರು ಈ ಊರಿನಲ್ಲಿ ಬಹಳ ಜನ ಇದ್ದಾರೆ,” ಎಂದ.

ಆಮೇಲೆ ಅವನು ಆ ಮನೆಗೆ ಬರಲಿಲ್ಲ.

ಗಂಧಿಗ ಅತ್ತರು ಬಿಟ್ಟು ದೀಪದ ಎಣ್ಣೆ ಮಾರಿ ಬದುಕತೊಡಗಿದ. ಮೆಟ್ಟು ಹಾಕಿಕೊಂಡು ಸಪ್ಪಳ ಮಾಡುತ್ತಾ ನಡೆಯುವುದನ್ನು ರೂಢಿ ಮಾಡಿಕೊಂಡ. ಅಂಗಳಕ್ಕೆ ಬಂದಾಗ ಒಮ್ಮೆ, ಹೊಸ್ತಿಲಲ್ಲಿ ಒಮ್ಮೆ, ಒಳಗಿನ ಬಾಗಿಲಲ್ಲಿ ಒಮ್ಮೆ ಕೆಮ್ಮುತ್ತಿದ್ದ. ಕೆಮ್ಮಿ, ನಿಂತು, ಅವಳು ತಿರುಗಿ ನೋಡಿದ ಮೇಲೆ ಒಳಗೆ ಬರುತ್ತಿದ್ದ. ಮೊದಲ ವರ್ಷ ಅವಳು ಕೆಮ್ಮಿಗೂ ಕಂಬ ಹಿಡಿದಳು. ಎರಡನೆಯ ವರ್ಷ ಕಂಬದ ಕಡೆ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಿದ್ದಳು. ಐದನೆಯ ವರ್ಷ ಒಂದು ಮಧ್ಯಾಹ್ನ ಅವನು ನೋಡಿದಾಗ ಕಂಬ ಪೂರಾ ಒಣಗಿತ್ತು. ಅದರ ಮೇಲೆ ಇರುವೆಗಳು ಸಾಲಾಗಿ ಹತ್ತುತ್ತಿದ್ದವು. ಅಂದು ಅವನು ಕೆಲಸಕ್ಕೆ ಹೋಗಲಿಲ್ಲ. ಪಡಸಾಲೆಯಲ್ಲೇ ಕುಳಿತಿದ್ದ. ಅವಳು ಒಂದು ಲೋಟ ಮಜ್ಜಿಗೆ ತಂದು ಅವನ ಮುಂದೆ ಇಟ್ಟು, ಎರಡು ಮಾರು ದೂರದಲ್ಲಿ ತಾನೂ ಕುಳಿತಳು. ಆದರೆ ಅವನಿಗೆ ಬೆನ್ನು ಮಾಡಿ ಅವಳು ಬದುಕಿನ ಕೊನೆಯವರೆಗೂ ಎಂದೂ ಕುಳಿತುಕೊಳ್ಳಲಿಲ್ಲ.

ತನ್ನ ಮನೆಯ ವಾಸನೆ ಹೋದ ಮೇಲೆಯೇ ಗಂಧಿಗನ ಮೂಗಿಗೆ ಹೊರಗಿನದು ತಿಳಿಯತೊಡಗಿತು. ಒಂದು ದಿನ ಎಣ್ಣೆಯ ಡಬ್ಬ ಹೊತ್ತು ಬೀದಿಯಲ್ಲಿ ಹೋಗುತ್ತಿದ್ದವನು ಧಾನ್ಯದ ವ್ಯಾಪಾರಿಯ ಮನೆಯ ಮುಂದೆ ಥಟ್ಟನೆ ನಿಂತ. ಒಳಗಿನಿಂದ ಹಸಿ ಪುನುಗಿನ ವಾಸನೆ ಬರುತ್ತಿತ್ತು. ಆ ಮನೆಯಲ್ಲಿ ಬೆಕ್ಕು ಇರಲಿಲ್ಲ, ಪಂಜರವಿರಲಿಲ್ಲ, ಜಾಗಟೆಯೂ ಇರಲಿಲ್ಲ. ಅಷ್ಟರಲ್ಲಿ ವ್ಯಾಪಾರಿ ಅಂಗಡಿಯಿಂದ ಊಟಕ್ಕೆ ಬಂದ. ಗಂಧಿಗನನ್ನು ನೋಡಿ ನಕ್ಕು, ಯೋಗಕ್ಷೇಮ ವಿಚಾರಿಸಿದ. ಅವನು ಮೆಟ್ಟು ಬಿಟ್ಟು ಮೆಟ್ಟಿಲು ಹತ್ತಿದ. ಒಳಗೆ ಪಾತ್ರೆಗಳ ಸದ್ದು ನಿಂತಿತು. ವಾಸನೆ ಇಮ್ಮಡಿಯಾಯಿತು.

ಗಂಧಿಗ ಅಲ್ಲಿಂದ ಮುಂದೆ ಹೋದ. ಪೂಜಾರಿಯ ಮನೆಯಲ್ಲಿ ಅದೇ ವಾಸನೆ ಇತ್ತು. ಊರಿಗೆ ನ್ಯಾಯ ಹೇಳುವ ಹಿರಿಯನ ಮನೆಯಲ್ಲಿ ಅದು ಬಾಗಿಲು ದಾಟಿ ಬೀದಿಗೇ ಬಂದಿತ್ತು. ಬೀದಿಯ ತುದಿಯಲ್ಲಿ ವರ್ತಕನ ಗಾಡಿ ನಿಂತಿತ್ತು. ಅದರ ಪೆಟ್ಟಿಗೆಗಳು ತುಂಬಿದ್ದವು.

ಆ ದಿನದಿಂದ ಗಂಧಿಗ ಪ್ರತಿ ಮಧ್ಯಾಹ್ನ, ಗಂಡಸರು ಊಟಕ್ಕೆ ಬರುವ ಹೊತ್ತಿಗೆ ಸ್ವಲ್ಪ ಮುಂಚೆ, ಬೀದಿಗೆ ಬಂದು ಒಂದೊಂದು ಮನೆಯ ಮುಂದೆಯೂ ನಿಂತು ಗಟ್ಟಿಯಾಗಿ ಕೆಮ್ಮುತ್ತಿದ್ದ. ಅವನಿಗೆ ಕ್ಷಯ ಹಿಡಿದಿದೆ ಎಂದು ಊರಿನವರು ಮಾತಾಡಿಕೊಂಡರು. ಮನೆಗಳ ಒಳಗಿದ್ದವರು ಏನು ತಿಳಿದುಕೊಂಡರೋ ಯಾರಿಗೂ ಗೊತ್ತಿಲ್ಲ. ಅವನು ಸಾಯುವವರೆಗೂ ಹಾಗೆ ಕೆಮ್ಮುತ್ತಾ ನಡೆದ.

ಗುರುಗಳು ಕತೆ ನಿಲ್ಲಿಸಿದರು.

ಅಡವಯ್ಯ, “ಎಂಥ ಊರು ಅದು! ಅಂಥ ಊರು ಎಲ್ಲಿದೆ, ಗುರುಗಳೇ?” ಎಂದು ಕೇಳಿದ.

“ನಿನ್ನ ತಂದೆ ಮನೆಗೆ ಬರುವ ಹೊತ್ತಿಗೆ ನಿನ್ನ ತಾಯಿ ಎಲ್ಲಿ ನಿಂತಿರುತ್ತಿದ್ದಳು, ಅಡವಯ್ಯ?” ಎಂದರು ಗುರುಗಳು.